ಸಿಲೆಬಸ್ ಮಾಡುವವರೂ ಸಂಶೋಧನೆ ಮಾಡುವವರೂ ಒಂದೇ ಮೇಜಿಗೆ ಬರಲಿ

ಸಂಪಾದಕರಿಗೆ ನಮಸ್ಕಾರ.

ಇಲ್ಲಿ ಡೊಂಬಿವಲಿಯಲ್ಲಿ ನಮ್ಮ ಊರಿನವರೆಲ್ಲ ಸೇರಿ ನಡೆಸುವ ಒಂದು ಸಣ್ಣ ಸಂಘ ಇದೆ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳಿಗೆ ಪುಸ್ತಕ, ಸ್ಕಾಲರ್‌ಶಿಪ್ ಕೊಡುತ್ತೇವೆ. ಈ ಸಲ ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗನೊಬ್ಬ ನನ್ನ ಹತ್ತಿರ ಬಂದ. "ಅಂಕಲ್, ನೀವು ಕಾಲೇಜಿನ ಲ್ಯಾಬಿನಲ್ಲಿ ಇದ್ದವರಲ್ವಾ, ಒಂದು ಮಾತು ಕೇಳ್ಬೇಕು. ನಮ್ಮ ಸರ್ ಕಾಂಕ್ರೀಟ್ ಮೇಲೆ ಪಿಎಚ್‌ಡಿ ಮಾಡ್ತಿದ್ದಾರೆ. ನಮಗೆ ಕಲಿಸೋದೂ ಕಾಂಕ್ರೀಟೇ. ಆದ್ರೆ ಅವರು ಏನು ಹುಡುಕ್ತಿದ್ದಾರೆ ಅಂತ ಒಂದು ದಿನವೂ ಕ್ಲಾಸಲ್ಲಿ ಹೇಳಿಲ್ಲ. ಕೇಳಿದ್ರೆ ಅದು ಸಿಲೆಬಸ್‌ನಲ್ಲಿ ಇಲ್ಲ ಅಂತಾರೆ. ಹಾಗಾದ್ರೆ ಅವರು ಹುಡುಕೋದು ಯಾರಿಗೆ?"

ಆ ಹುಡುಗನಿಗೆ ನಾನು ಆಗ ಸರಿಯಾದ ಉತ್ತರ ಕೊಡಲಿಲ್ಲ. ಏನೋ ಸಮಾಧಾನ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಹಾಕಿ.

ನನ್ನ ಬಗ್ಗೆ ಎರಡು ಮಾತು. ನನ್ನ ತಂದೆ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಓದಿದವರು. ನಾನು ಡಿಪ್ಲೊಮಾ ಮಾಡಿ, ನವಿ ಮುಂಬಯಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 31 ವರ್ಷ ಸಿವಿಲ್ ವಿಭಾಗದ ಲ್ಯಾಬ್ ನೋಡಿಕೊಂಡೆ. ಪ್ರೊಫೆಸರ್ ಅಲ್ಲ, ಡಾಕ್ಟರೇಟ್ ಇಲ್ಲ. ಆದರೆ ಸಿಲೆಬಸ್ ಬದಲಾದಾಗಲೆಲ್ಲ ಯಾವ ಯಂತ್ರ ಬೇಕು, ಯಾವುದು ಬೇಡ, ಯಾವ ಪ್ರಯೋಗ ಉಳಿಯಿತು, ಯಾವುದು ಹೋಯಿತು ಎಂದು ಕೈಯಾರೆ ಮಾಡಿದವನು ನಾನು. ಮಕ್ಕಳ ಜರ್ನಲ್ (ಪ್ರಯೋಗ ಬರೆದಿಡುವ ಪುಸ್ತಕ), ಸಬ್‌ಮಿಶನ್, ಓರಲ್ ಪರೀಕ್ಷೆ ಎಲ್ಲ ನನ್ನ ಕಣ್ಣೆದುರಿಗೇ ಆಗಿದೆ.

ನಾನು ಹೇಳಬೇಕಾದ್ದು ಒಂದೇ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮದ ಯೋಜನೆ ಒಂದು ಕೋಣೆಯಲ್ಲಿ ಆಗುತ್ತದೆ, ಸಂಶೋಧನೆಯ ಯೋಜನೆ ಇನ್ನೊಂದು ಕೋಣೆಯಲ್ಲಿ ಆಗುತ್ತದೆ. ಬೋರ್ಡ್ ಆಫ್ ಸ್ಟಡೀಸ್‌ನವರು ಕೂತು ಸಿಲೆಬಸ್ ಬರೆಯುತ್ತಾರೆ. ರಿಸರ್ಚ್ ಸೆಲ್‌ನವರು ಕೂತು ಈ ವರ್ಷ ಎಷ್ಟು ಸಂಶೋಧನಾ ಪೇಪರ್ ಬಂತು, ಎಷ್ಟು ಗ್ರಾಂಟ್ ಬಂತು ಎಂದು ಲೆಕ್ಕ ಹಾಕುತ್ತಾರೆ. ಎಷ್ಟೋ ಸಲ ಎರಡೂ ಕಡೆ ಕೂರುವವರು ಅವರೇ. ಆದರೆ ಒಂದು ಸಭೆಯಲ್ಲಿ ಆಡಿದ ಮಾತು ಇನ್ನೊಂದು ಸಭೆಗೆ ಹೋಗುವುದಿಲ್ಲ. ಇದರ ನಷ್ಟ ನಮ್ಮ ಮಕ್ಕಳಿಗೆ.

ಒಂದು ಉದಾಹರಣೆ ಹೇಳುತ್ತೇನೆ, ನನ್ನ ಕಾಲೇಜಿನದ್ದೇ.

ನಮ್ಮ ಕಟ್ಟಡದ ಟೆರೇಸಿನಲ್ಲಿ ಮಳೆ ಅಳೆಯುವ ಒಂದು ಮಾಪಕ ಇತ್ತು. ದೊಡ್ಡದೇನಲ್ಲ, ಒಂದು ಆಲಿಕೆ, ಒಳಗೊಂದು ಬಾಟಲಿ, ಅಳೆಯಲು ಗಾಜಿನ ಕೊಳವೆ. ಹೈಡ್ರಾಲಜಿ, ಅಂದರೆ ಮಳೆ ನೀರಿನ ಶಾಸ್ತ್ರ, ಪಾಠ ಮಾಡುತ್ತಿದ್ದ ಹಳೆಯ ಪ್ರೊಫೆಸರರೊಬ್ಬರು ಅದನ್ನು ಹಾಕಿಸಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೆ ಸರಿಯಾಗಿ, ಇಬ್ಬರು ವಿದ್ಯಾರ್ಥಿಗಳು ಮೇಲೆ ಹೋಗಿ ಅಳೆದು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಭಾನುವಾರ ನಾನೋ ವಾಚ್‌ಮನ್ನೋ ಬರೆಯುತ್ತಿದ್ದೆವು. ವರ್ಷ ವರ್ಷ ಹೀಗೆ ನಡೆಯಿತು. ಮಕ್ಕಳು ಮೊದಮೊದಲು ಗೊಣಗುತ್ತಿದ್ದರು. ಆಮೇಲೆ ಅವರಿಗೇ ರುಚಿ ಹತ್ತುತ್ತಿತ್ತು. "ನಿನ್ನೆ ಅಷ್ಟು ಜೋರು ಮಳೆ ಅನ್ನಿಸಿತು, ಬರೀ 40 ಮಿಲಿಮೀಟರ್ ಬಂದಿದೆ ಸರ್" ಎಂದು ಆಶ್ಚರ್ಯಪಡುತ್ತಿದ್ದರು. ಮಳೆ ಎಂದರೆ ಎಷ್ಟು ಎಂಬ ಅಂದಾಜು ಅವರ ಮೈಗೆ ಬಂದಿತ್ತು.

2005ರ ಜುಲೈ 26 ಇಲ್ಲಿನ ಯಾರಿಗೂ ಮರೆಯುವುದಿಲ್ಲ. ಅವತ್ತು ನಾವು ಸುಮಾರು ಜನ ಕಾಲೇಜಿನಲ್ಲೇ ಸಿಕ್ಕಿಹಾಕಿಕೊಂಡೆವು. ರೈಲಿಲ್ಲ, ಫೋನಿಲ್ಲ, ಕರೆಂಟಿಲ್ಲ. ಆ ರಾತ್ರಿ ನಾಲ್ಕೈದು ಹುಡುಗರು ಟಾರ್ಚ್ ಹಿಡಿದು ಮತ್ತೆ ಮತ್ತೆ ಟೆರೇಸಿಗೆ ಹೋಗಿ, ಬಾಟಲಿ ತುಂಬಿದಾಗಲೆಲ್ಲ ಅಳೆದು, ಚೆಲ್ಲಿ, ಮತ್ತೆ ಇಟ್ಟು, ಹೊತ್ತು ಸಮೇತ ಬರೆದರು. ಯಾರೂ ಅವರಿಗೆ ಹೇಳಿರಲಿಲ್ಲ. ಅವತ್ತು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಅದೇ ದಿನ ಕೊಲಾಬಾದಲ್ಲಿ ಸುಮಾರು 74 ಮಾತ್ರ. ಒಂದೇ ನಗರ, ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ವ್ಯತ್ಯಾಸ ನೋಡಿ. ಒಂದೆರಡು ಕಡೆ ಅಳೆದರೆ ಮುಂಬಯಿಯ ಮಳೆ ಗೊತ್ತಾಗುವುದಿಲ್ಲ ಎಂದು ಅವತ್ತು ಎಲ್ಲರಿಗೂ ತಿಳಿಯಿತು. ಆಮೇಲೆ ಮಹಾನಗರ ಪಾಲಿಕೆ ಊರೆಲ್ಲ ಸ್ವಯಂಚಾಲಿತ ಮಾಪಕಗಳನ್ನು ಹಾಕಿಸಿತು. ಮುಂಬಯಿಯ ಹಳೆಯ ಮಳೆನೀರಿನ ಮೋರಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ತಾಳುವಂತೆ ಕಟ್ಟಿದ್ದವು, ಅದನ್ನು 50ಕ್ಕೆ ಏರಿಸಬೇಕು ಎಂದು ಈ ಮೋರಿಗಳ ಬಗ್ಗೆಯೇ ಇದ್ದ ಬ್ರಿಮ್‌ಸ್ಟೋವಾಡ್ ವರದಿ 1993ರಲ್ಲೇ ಹೇಳಿತ್ತು. ಈ ಅಂಕಿಗಳನ್ನು ಪುಸ್ತಕದಲ್ಲಿ ಓದಿದರೆ ಅಂಕಿ ಅಷ್ಟೇ. ಬಾಟಲಿ ಕೈಯಲ್ಲಿ ಹಿಡಿದು ನಿಂತ ಹುಡುಗನಿಗೆ 25 ಅಂದರೆ ಏನು, 50 ಅಂದರೆ ಏನು ಎಂದು ಮತ್ತೆ ಯಾರೂ ಕಲಿಸಬೇಕಾಗಿಲ್ಲ.

ಮುಂದೆ ಒಂದು ಸಲ ಸಿಲೆಬಸ್ ಬದಲಾಯಿತು. ಹೊಸ ಪಟ್ಟಿಯಲ್ಲಿ ಆ ಪ್ರಯೋಗ ಇರಲಿಲ್ಲ. ಯಾರೋ ಬೇಕೆಂದೇ ತೆಗೆದರು ಎಂದು ನಾನು ಹೇಳುವುದಿಲ್ಲ. ಕ್ರೆಡಿಟ್, ಅಂದರೆ ಪಾಠ ಮತ್ತು ಲ್ಯಾಬಿನ ಗಂಟೆಗಳ ಲೆಕ್ಕ, ಕಡಿಮೆ ಮಾಡಬೇಕಿತ್ತು, ಎರಡು ವಿಷಯ ಸೇರಿಸಿ ಒಂದು ಮಾಡಿದರು, ಪ್ರಯೋಗಗಳ ಪಟ್ಟಿ ಅರ್ಧವಾಯಿತು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಟರ್ಮ್‌ವರ್ಕ್ ಅಂಕ ಇಲ್ಲ. ಅಂಕ ಇಲ್ಲದ ಮೇಲೆ ಹುಡುಗರು ಟೆರೇಸಿಗೆ ಯಾಕೆ ಹೋಗುತ್ತಾರೆ? ಮುಂದಿನ ವರ್ಷ ಲ್ಯಾಬಿನ ಸಾಮಾನುಗಳ ಡೆಡ್ ಸ್ಟಾಕ್ ಪರಿಶೀಲನೆಯಲ್ಲಿ ಮಾಪಕವನ್ನು ಗುಜರಿಗೆ ಬರೆದರು. ರಿಜಿಸ್ಟರುಗಳನ್ನೂ ರದ್ದಿಗೆ ಹಾಕಿದ್ದರು. ನಾನು ಅನುಮತಿ ಕೇಳಿ ಅವನ್ನು ಮನೆಗೆ ತಂದೆ.

ಅದಾಗಿ ಎರಡು ವರ್ಷಕ್ಕೆ ಅದೇ ವಿಭಾಗದಲ್ಲಿ ಒಬ್ಬರು ಈ ಭಾಗದ ಮಳೆ ಮತ್ತು ಪ್ರವಾಹದ ಮೇಲೆ ಪಿಎಚ್‌ಡಿಗೆ ಸೇರಿದರು. ಅಂಕಿ ಅಂಶಕ್ಕಾಗಿ ಆಫೀಸಿಂದ ಆಫೀಸಿಗೆ ಅರ್ಜಿ ಹಿಡಿದು ತಿರುಗಿದರು, ದುಡ್ಡು ಕೊಟ್ಟು ಬೇರೆ ಕಡೆಯ ಅಂಕಿ ತಂದರು. ತಮ್ಮ ತಲೆಯ ಮೇಲಿನ ಟೆರೇಸಿನಲ್ಲೇ ವರ್ಷಗಟ್ಟಲೆ ಅಳೆದ ಲೆಕ್ಕ ಇತ್ತು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಅವರ ಕೆಲಸ ಮುಗಿಯುತ್ತಾ ಬಂದಿತ್ತು. ಅವರು ಒಳ್ಳೆಯ ಮನುಷ್ಯ. ಕೇಳಿ ತುಂಬಾ ನೊಂದುಕೊಂಡರು. ನನಗೂ ಅವತ್ತು ಬಹಳ ಕೋಪ ಬಂತು, ಯಾರ ಮೇಲೆ ಎಂದು ಹೇಳಲು ಆಗಲಿಲ್ಲ, ಏಕೆಂದರೆ ಸಿಲೆಬಸ್ ಮಾಡಿದವರು ನಿಯಮದಂತೆ ಮಾಡಿದ್ದರು, ಸಂಶೋಧನೆ ಮಾಡಿದವರೂ ನಿಯಮದಂತೆ ಮಾಡಿದ್ದರು. ಒಬ್ಬರನ್ನೊಬ್ಬರು ಕೇಳಬೇಕು ಎಂಬ ನಿಯಮ ಮಾತ್ರ ಎಲ್ಲೂ ಇರಲಿಲ್ಲ.

ಸಿಲೆಬಸ್ ಬದಲಾಗಬಾರದು ಎಂದು ನಾನು ಹೇಳುತ್ತಿಲ್ಲ. ಬದಲಾಗಲೇಬೇಕು. ಆದರೆ ಬದಲಾಗುವ ಲೆಕ್ಕ ನೋಡಿ. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳನ್ನು ಕೇಳಿದರೆ "ನಾನು 2012 ಪ್ಯಾಟರ್ನ್, ತಮ್ಮ 2015 ಪ್ಯಾಟರ್ನ್" ಎಂದು ಹೇಳುತ್ತಾರೆ, ಅಲ್ಲಿ ಸಿಲೆಬಸ್ಸಿಗೆ ಪ್ಯಾಟರ್ನ್ ಎನ್ನುತ್ತಾರೆ. ಆಮೇಲೆ 2019ರದ್ದು ಬಂತು, 2024ರದ್ದು ಬಂತು. ಮುಂಬಯಿಯಲ್ಲಿ 2012, 2016, 2019. ಕೋರ್ಸು ನಾಲ್ಕು ವರ್ಷದ್ದು. 2012ರಲ್ಲಿ ಪುಣೆಯಲ್ಲಿ ಸೇರಿದ ಹುಡುಗ ಪಾಸಾಗಿ ಹೊರಬರುವುದು 2016ಕ್ಕೆ. ಅವನು ಕೊನೆಯ ವರ್ಷದಲ್ಲಿ ಇರುವಾಗಲೇ ಹೊಸ ಪ್ಯಾಟರ್ನ್ ಶುರುವಾಗಿದೆ. ಅಂದರೆ ಹಿಂದಿನ ಸಿಲೆಬಸ್ ಪೂರ್ತಿ ಓದಿ, ಕೆಲಸಕ್ಕೆ ಸೇರಿ, ಇದು ಉಪಯೋಗಕ್ಕೆ ಬಂತು, ಇದು ಬರಲಿಲ್ಲ ಎಂದು ಹೇಳಬಲ್ಲ ಒಬ್ಬನೇ ಒಬ್ಬ ಇಂಜಿನಿಯರ್ ಇನ್ನೂ ಹುಟ್ಟಿರಲಿಲ್ಲ. ಮುಂಬಯಿಯಲ್ಲಿ 2016ರ ಮಕ್ಕಳಿಗೂ ಹೀಗೇ ಆಯಿತು, ಅವರು ಮುಗಿಸಿದ್ದು 2020ಕ್ಕೆ. ಯಾರನ್ನು ಕೇಳಿ ಬದಲಾಯಿಸಿದರು? ಅಡುಗೆ ಎಲೆಗೆ ಬಡಿಸುವ ಮೊದಲೇ ರುಚಿ ಸರಿಯಿಲ್ಲ ಎಂದು ಪಾತ್ರೆ ಬದಲಾಯಿಸಿದ ಹಾಗೆ ಆಯಿತು. ಇದರ ನಡುವೆ ಹಳೆ ಪ್ಯಾಟರ್ನಿನ ಕೆಟಿ, ಅಂದರೆ ಫೇಲಾದ ವಿಷಯ, ಉಳಿಸಿಕೊಂಡ ಮಕ್ಕಳ ಪಾಡು ಬೇರೆ. ಆ ವಿಷಯವನ್ನು ಕಲಿಸುವವರೇ ಇರುವುದಿಲ್ಲ, ಲ್ಯಾಬಿನಲ್ಲಿ ಯಂತ್ರವೂ ಇರುವುದಿಲ್ಲ. ಅಂಥವರು ನನ್ನ ಹತ್ತಿರ ಬಂದು ಅತ್ತದ್ದಿದೆ.

ಈಗ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಮತ್ತೆ ಎಲ್ಲ ಬದಲಾಗುತ್ತಿದೆ. ಬೇರೆ ವಿಭಾಗದ ವಿಷಯ ಓದಬಹುದು, ಮಧ್ಯದಲ್ಲಿ ಬಿಟ್ಟು ಮತ್ತೆ ಬರಬಹುದು, ಕ್ರೆಡಿಟ್ ಬ್ಯಾಂಕಿನಲ್ಲಿ ಇಡಬಹುದು. ಒಳ್ಳೆಯ ಯೋಚನೆಗಳೇ. ಅದಕ್ಕೂ ಮೊದಲು 2018ರಲ್ಲಿ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರ ಮಂಡಳಿ ಎಐಸಿಟಿಇ ತನ್ನ ಮಾದರಿ ಪಠ್ಯಕ್ರಮದಲ್ಲಿ ಬಿ.ಟೆಕ್ ಕ್ರೆಡಿಟ್ಟುಗಳನ್ನು 160ಕ್ಕೆ ಇಳಿಸಿತು, ಮಕ್ಕಳಿಗೆ ಪ್ರಾಜೆಕ್ಟಿಗೂ ಇಂಟರ್ನ್‌ಶಿಪ್ಪಿಗೂ ಸಮಯ ಸಿಗಲಿ ಎಂದು. ಅದೂ ಸರಿಯೇ. ಆದರೆ ಉಳಿಸಿದ ಆ ಸಮಯ ಎಲ್ಲಿಗೆ ಹೋಯಿತು ಎಂದು ಯಾರಾದರೂ ಲೆಕ್ಕ ಹಾಕಬೇಕಲ್ವಾ? ನಾನು ನೋಡಿದ ಹಾಗೆ ಜಾಸ್ತಿ ಮಕ್ಕಳದ್ದು ಪ್ಲೇಸ್‌ಮೆಂಟ್ ಪರೀಕ್ಷೆಯ ತಯಾರಿಗೆ ಹೋಯಿತು. ಅವರನ್ನು ದೂರುವುದಿಲ್ಲ, ಮನೆಯಲ್ಲಿ ಸಾಲದ ಕಂತು ಇರುತ್ತದೆ.

ಪ್ರಾಜೆಕ್ಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರುವಾಸಿ. ನಮ್ಮ ಕಾಲದಲ್ಲಿ ಹುಡುಗರು ಅಲ್ಲಿಗೆ ಬಿಡಿಭಾಗ ಹುಡುಕಿಕೊಂಡು ಹೋಗುತ್ತಿದ್ದರು. ಈಗ ರಿಪೋರ್ಟ್ ಸಮೇತ ಸಿದ್ಧ ಪ್ರಾಜೆಕ್ಟ್ ಕೊಡುವವರು ಊರಿಗೆಲ್ಲ ಇದ್ದಾರೆ. ಪೋಷಕರು ಅದಕ್ಕೆ ದುಡ್ಡು ಕೊಡುತ್ತಾರೆ, ಎಲ್ಲರೂ ಕೊಡುತ್ತಾರೆ ಎಂದು. ಒಬ್ಬ ತಾಯಿ, ನಮ್ಮವರೇ, ಖಾನಾವಳಿ ನಡೆಸಿ ಮಗಳನ್ನು ಓದಿಸಿದವರು, ಪ್ರಾಜೆಕ್ಟ್ ಖರ್ಚು ಎಂದು ದುಡ್ಡು ಹೊಂದಿಸಿ ಕೊಟ್ಟರು. ಆ ಹುಡುಗಿ ಬುದ್ಧಿವಂತೆ. ಅವಳ ಪ್ರಾಜೆಕ್ಟ್ ಗೈಡ್ ಸ್ವತಃ ಸಂಶೋಧನೆ ಮಾಡುತ್ತಿದ್ದವರು, ಅವರಿಗೆ ಸ್ಯಾಂಪಲ್ ಸಂಗ್ರಹಿಸಲು, ಅಳೆಯಲು ಕೈ ಬೇಕಿತ್ತು. ಇವಳಿಗೆ ಕೆಲಸ ಬೇಕಿತ್ತು. ಇಬ್ಬರೂ ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದರು. ಆದರೂ ಅವಳು ಹೊರಗಿನಿಂದ ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದಳು, ಅವರು ಹೊರಗಿನಿಂದ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಿದರು. ಇದನ್ನು ಜೋಡಿಸಲು ಗ್ರಾಂಟ್ ಬೇಕಾ? ಹೊಸ ಕಟ್ಟಡ ಬೇಕಾ? ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಸಾಕಿತ್ತು.

ಸಂಶೋಧನೆ ಮಾಡುವವರ ಕಷ್ಟವೂ ನನಗೆ ಗೊತ್ತು. ಅವರ ಬಡ್ತಿ ಪೇಪರಿನ ಎಣಿಕೆಯ ಮೇಲೆ ನಿಂತಿದೆ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ 100ರಲ್ಲಿ 30 ಭಾಗ ಸಂಶೋಧನೆಗೆ. ಹಾಗಾಗಿ ಆಡಳಿತದವರು ಪೇಪರ್ ಎಲ್ಲಿ, ಪೇಪರ್ ಎಲ್ಲಿ ಎಂದು ಬೆನ್ನು ಹತ್ತುತ್ತಾರೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2022ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯ ತೆಗೆದುಹಾಕಿತು, ಅದು ಒಳ್ಳೆಯದಾಯಿತು, ದುಡ್ಡು ಕೊಟ್ಟು ಪೇಪರ್ ಹಾಕಿಸುವ ಪಿಡುಗು ಸ್ವಲ್ಪವಾದರೂ ಕಡಿಮೆಯಾಗಲಿ. ಆದರೆ ಎಣಿಕೆಯ ಅಭ್ಯಾಸ ಇನ್ನೂ ಹೋಗಿಲ್ಲ. ಒಬ್ಬ ಅಧ್ಯಾಪಕ ತಾನು ಕಂಡುಕೊಂಡದ್ದನ್ನು ಎರಡನೇ ವರ್ಷದ ಮಕ್ಕಳ ಪ್ರಯೋಗವಾಗಿ ಮಾಡಿದರೆ ಅದಕ್ಕೆ ಎಲ್ಲೂ ಅಂಕ ಇಲ್ಲ. ಅದೇ ಕೆಲಸವನ್ನು ಎಂಟು ಪುಟ ಬರೆದು ಎಲ್ಲೋ ಹಾಕಿದರೆ ಅಂಕ ಇದೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಎರಡಕ್ಕೂ ಅಂಕ ಇರಲಿ.

ನಮ್ಮ ಕಾಲೇಜುಗಳ ಸುತ್ತ ಹುಡುಕಬೇಕಾದ್ದು ಎಷ್ಟಿದೆ! ಮಣ್ಣನ್ನೇ ತೆಗೆದುಕೊಳ್ಳಿ. ಪುಣೆ ಕಡೆ ಕಪ್ಪು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮನೆಯ ಗೋಡೆ ಸೀಳುತ್ತದೆ. ಮುಂಬಯಿಯ ಖಾಡಿ, ಅಂದರೆ ಕಡಲಿನ ಹಿನ್ನೀರಿನ, ದಂಡೆಯಲ್ಲಿ ಮೆತ್ತನೆಯ ಕೆಸರು ಮಣ್ಣು. ಕೊಂಕಣದುದ್ದಕ್ಕೂ ಮುರಕಲ್ಲು, ಅದರ ಕೆಳಗೆ ನಮ್ಮ ಕರಾವಳಿಯವರು ಶೇಡಿ ಮಣ್ಣು ಎನ್ನುವ ಬಿಳಿಚು ಮಣ್ಣು. ಒಣಗಿದ್ದಾಗ ಕಲ್ಲಿನಂತೆ ಇರುತ್ತದೆ, ನೀರು ಇಳಿದರೆ ಜಾರುತ್ತದೆ. ನನ್ನ ಅಜ್ಜನಿಗೆ ಇದು ಗೊತ್ತಿತ್ತು, ಶೇಡಿ ಕಂಡಲ್ಲಿ ಬಾವಿಯ ಗೋಡೆ ಕಟ್ಟದೆ ಬಿಡಬಾರದು ಎನ್ನುತ್ತಿದ್ದರು. ಸುರತ್ಕಲ್ಲಿನ ಇಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಈ ಶೇಡಿ ಮಣ್ಣಿನ ಮೇಲೆ ಸಂಶೋಧನೆ ಆಗಿದೆ. ಆದರೆ ನಮ್ಮ ಲ್ಯಾಬಿನಲ್ಲಿ ಮಕ್ಕಳು ಅಷ್ಟು ವರ್ಷ ಪರೀಕ್ಷೆ ಮಾಡಿದ್ದು ಅಂಗಡಿಯಿಂದ ತಂದ ಅದೇ ಮರಳು, ಅದೇ ಡಬ್ಬದ ಮಣ್ಣು, ಉತ್ತರ ಮೊದಲೇ ಗೊತ್ತಿರುವಂಥದ್ದು. ಹಿಂದಿನ ವರ್ಷದ ಜರ್ನಲ್ ನೋಡಿ ಬರೆದರೂ ಸರಿಹೋಗುತ್ತಿತ್ತು.

2024ರ ಜುಲೈಯಲ್ಲಿ ಗೋವಾದ ಪೆರ್ನೆಮ್ ಸುರಂಗದೊಳಗೆ ನೀರು ನುಗ್ಗಿ ಕೊಂಕಣ ರೈಲು ನಿಂತದ್ದು ಓದುಗರಿಗೆ ನೆನಪಿರಬಹುದು. ಊರಿಗೆ ಹೊರಟ ನಮ್ಮವರು ಎಷ್ಟು ಜನ ದಾರಿಯಲ್ಲಿ ಒದ್ದಾಡಿದರು. 1998ರಲ್ಲಿ ಪೂರ್ತಿ ದಾರಿ ತೆರೆಯುವ ಮೊದಲು ಕಟ್ಟುವಾಗಲೂ ಅದೇ ಸುರಂಗದ ಮೆತ್ತನೆ ಮಣ್ಣು ಇಂಜಿನಿಯರುಗಳನ್ನು ಬಹಳ ಕಾಡಿತ್ತು. ಗೋವಾದಲ್ಲಿ ಈಗ 2010ರಿಂದ ಎನ್‌ಐಟಿ ಇದೆ, 2016ರಿಂದ ಐಐಟಿ ಇದೆ. ಮುಂಬಯಿ ಗೋವಾ ಹೆದ್ದಾರಿಯ ಪಕ್ಕದಲ್ಲೇ, ಲೋಣೆರೆಯಲ್ಲಿ, ಬಾಬಾಸಾಹೇಬ ಅಂಬೇಡ್ಕರರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಇವರ ಅಂಗಳದಲ್ಲೇ ಗುಡ್ಡ ಕುಸಿಯುತ್ತದೆ, ಪ್ರತಿ ಮಳೆಗಾಲ. ಇಲ್ಲಿ ಓದುವ ಮಕ್ಕಳ ಮಣ್ಣಿನ ಪ್ರಯೋಗ ಆ ಗುಡ್ಡದ ಮಣ್ಣಿನಲ್ಲೇ ಆಗಲಿ, ವರ್ಷ ವರ್ಷದ ಫಲಿತಾಂಶ ಒಂದು ಕಡೆ ಸೇರಲಿ, ಅದೇ ಸಂಶೋಧನೆಯ ಮೂಲ ಲೆಕ್ಕ ಆಗಲಿ. ಎರಡನೇ ವರ್ಷದ ಹುಡುಗ ಅಳೆದದ್ದು ತಪ್ಪಿರಬಹುದು ಎನ್ನುತ್ತಾರೆ. ಇರಬಹುದು. ಹತ್ತು ಜನ ಹತ್ತು ಸಲ ಅಳೆದರೆ ತಪ್ಪು ಎಲ್ಲಿ ಎಂದು ಗೊತ್ತಾಗುತ್ತದೆ, ಅದನ್ನು ಗುರುತಿಸಲು ಕಲಿಯುವುದೂ ಇಂಜಿನಿಯರಿಂಗೇ.

ಇದು ಹೊಸ ಮಾತೇನಲ್ಲ. ನಮ್ಮ ಈ ನಗರದಲ್ಲೇ ಹಿಂದೆ ಹೀಗೆ ನಡೆದಿದೆ. ಮಾಟುಂಗಾದಲ್ಲಿ ಈಗ ಐಸಿಟಿ ಎನ್ನುವ ಸಂಸ್ಥೆ 1933ರ ಅಕ್ಟೋಬರ್ 1ರಂದು ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಶುರುವಾಯಿತು. ಹಳಬರು ಇನ್ನೂ ಯುಡಿಸಿಟಿ ಎಂದೇ ಕರೆಯುತ್ತಾರೆ. ಆಗ ಇದು ಬಟ್ಟೆ ಗಿರಣಿಗಳ ಊರು. ಬಣ್ಣ ಹಾಕುವುದು, ಬಟ್ಟೆ ಬಿಳುಪು ಮಾಡುವುದು ತಿಳಿದವರು ಬೇಕಿದ್ದರು. ಅದಕ್ಕೇ ಶುರುವಿನಲ್ಲಿ ಕಲಿಸಿದ್ದು ಜವಳಿ ರಸಾಯನ ಮತ್ತು ಕೆಮಿಕಲ್ ಇಂಜಿನಿಯರಿಂಗ್. 1938ರಲ್ಲಿ ಮುಖ್ಯಸ್ಥರಾದ ಪ್ರೊ. ಕೆ. ವೆಂಕಟರಾಮನ್ ಬಣ್ಣಗಳ ರಸಾಯನದಲ್ಲಿ ದೊಡ್ಡ ಸಂಶೋಧಕರು, ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ಭಾರತೀಯ ನಿರ್ದೇಶಕರಾದರು. ಊರಿಗೆ ಬೇಕಾದ್ದು ಬಣ್ಣ, ಕ್ಲಾಸಿನಲ್ಲಿ ಕಲಿಸುವುದು ಬಣ್ಣ, ಲ್ಯಾಬಿನಲ್ಲಿ ಹುಡುಕುವುದೂ ಬಣ್ಣ. ಎಲ್ಲ ಒಂದೇ ದಾರದಲ್ಲಿ ಇತ್ತು. 1887ರಲ್ಲಿ ಶುರುವಾದ ವಿಜೆಟಿಐ ಎಂಬ ಇಲ್ಲಿನ ಇಂಜಿನಿಯರಿಂಗ್ ಕಾಲೇಜು ಕೂಡ ಗಿರಣಿ, ಕಾರ್ಖಾನೆಗಳ ಅಗತ್ಯದಿಂದಲೇ ಬೆಳೆದದ್ದು.

ವಿಜೆಟಿಐ ಎಂದ ಕೂಡಲೇ ನನಗೆ ಲಕ್ಷ್ಮಣರಾವ್ ಕಿರ್ಲೋಸ್ಕರರು ನೆನಪಾಗುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ವಿಜೆಟಿಐಯಲ್ಲಿ ಡ್ರಾಯಿಂಗ್ ಕಲಿಸುವ ಮಾಸ್ತರರಾಗಿದ್ದರು. ಕೆಲಸ ಬಿಟ್ಟು ಬೆಳಗಾವಿಗೆ ಹೋಗಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಮೊದಲು ಮುಟ್ಟಲಿಲ್ಲ. ಹಾಳೆಯ ಮೇಲೆ ಚಿತ್ರ ಸರಿಯಾಗಿದ್ದರೆ ಸಾಲದು, ಹೊಲದಲ್ಲಿ ನಿಂತು ರೈತನ ಮಾತು ಕೇಳಬೇಕಾಯಿತು. ಅಂಥ ಮನುಷ್ಯ ವಿಜೆಟಿಐಯಲ್ಲೇ ಉಳಿದು, ಆ ನೇಗಿಲನ್ನು ಅಲ್ಲಿನ ವರ್ಕ್‌ಶಾಪಿನಲ್ಲೇ ಹುಡುಗರ ಜೊತೆ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವಿಶ್ವೇಶ್ವರಯ್ಯನವರ ವಿಷಯ ಎಲ್ಲರಿಗೂ ಗೊತ್ತಿದೆ, ಅವರು ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, 1854ರಲ್ಲಿ ಶುರುವಾಗಿ 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾದ ಈಗಿನ ಸಿಓಇಪಿಯಲ್ಲಿ. ಅವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಮೊದಲು ಕೂತದ್ದು ಅಲ್ಲೇ ಹತ್ತಿರದ ಖಡಕವಾಸ್ಲಾ ಅಣೆಕಟ್ಟಿನಲ್ಲಿ. ಓದಿದ ಊರು, ಸಮಸ್ಯೆ ಕಂಡ ಜಾಗ, ಹೊಸದು ಹುಡುಕಿದ ಜಾಗ, ಇವುಗಳ ನಡುವೆ ಒಂದು ಬಸ್ಸಿನ ದೂರ ಅಷ್ಟೇ.

ಈಗಲೂ ಒಳ್ಳೆಯದು ನಡೆಯುತ್ತಿಲ್ಲ ಎಂದಲ್ಲ. ಪವಾಯಿಯ ಐಐಟಿ ಬಾಂಬೆಯಲ್ಲಿ ಸಿ-ತಾರಾ ಎಂಬ ಕೇಂದ್ರ ಇದೆ, 1985ರದ್ದು. ಅಲ್ಲಿನ ಎಂ.ಟೆಕ್ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಉಳಿದು, ಕುಡಿಯುವ ನೀರಿನ ಯೋಜನೆ ಯಾಕೆ ನಿಂತಿತು, ನಲ್ಲಿ ಇದೆ ನೀರು ಯಾಕಿಲ್ಲ ಎಂದು ನೋಡುತ್ತಾರೆ. ಅದು ಸೇವೆ ಅಲ್ಲ, ಶಿಬಿರ ಅಲ್ಲ. ಅದೇ ಅವರ ಓದು, ಅದೇ ಸಂಶೋಧನೆ, ಅದಕ್ಕೇ ಕ್ರೆಡಿಟ್. ಐಐಟಿಯವರಿಗೆ ದುಡ್ಡಿದೆ, ನಮಗೆಲ್ಲಿದೆ ಎಂದು ಸಣ್ಣ ಕಾಲೇಜಿನವರು ಹೇಳುತ್ತಾರೆ. ಆದರೆ ಬೇಸಗೆಯಲ್ಲಿ ಟ್ಯಾಂಕರ್ ಬರುವ ಹಳ್ಳಿಗಳು ಕರ್ಜತ್, ಶಹಾಪುರ ಕಡೆಯ ಕಾಲೇಜುಗಳಿಗೆ ಐಐಟಿಗಿಂತ ಹತ್ತಿರ ಇವೆಯಲ್ಲ. ದೇಶದ ಸಂಶೋಧನೆಗಾಗಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಎಂದು 2023ರಲ್ಲಿ ಕಾನೂನು ಆಗಿದೆ, ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ದೊಡ್ಡ ಭಾಗ ಸರಕಾರದ ಹೊರಗಿನಿಂದ, ಉದ್ಯಮಗಳಿಂದ ಬರಬೇಕು. ಬಂದ ದುಡ್ಡಿನಲ್ಲಿ ಸ್ವಲ್ಪವಾದರೂ ಸಾದಾ ಕಾಲೇಜಿನ ಎರಡನೇ ವರ್ಷದ ಲ್ಯಾಬಿಗೆ ಇಳಿಯುವ ಹಾಗೆ ಷರತ್ತು ಹಾಕಲಿ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮ ಮಾಡುವವರಿಗೆ ನನ್ನ ಕೋರಿಕೆ ಇಷ್ಟು. ಒಂದು ಸಿಲೆಬಸ್ ಮುಗಿಸಿದ ಮೊದಲ ತಂಡ ಕೆಲಸಕ್ಕೆ ಸೇರಿ ಒಂದು ವರ್ಷವಾದರೂ ಆಗುವ ತನಕ ಅದರ ಬೇರು ಕೀಳಬೇಡಿ. ಹೊಸ ವಿಷಯ ಸೇರಿಸಬೇಕಾದರೆ ಸೇರಿಸಿ, ಎಐ ಬಂದಿದೆ, ಅದನ್ನು ಕಲಿಸಲೇಬೇಕು. ಆದರೆ ಕಲಿಸುವವರು ಯಾರು, ಯಾವ ಲ್ಯಾಬಿನಲ್ಲಿ ಎಂದು ಮೊದಲು ಬರೆಯಿರಿ. ಬೋರ್ಡ್ ಆಫ್ ಸ್ಟಡೀಸ್ ಸಭೆಗೆ ಆ ತಂಡದ ಇಬ್ಬರನ್ನು ಕರೆಯಿರಿ. ಒಬ್ಬ ಲ್ಯಾಬ್ ಅಸಿಸ್ಟೆಂಟನ್ನೂ ಕರೆಯಿರಿ, ಯಾವ ಪ್ರಯೋಗ ನಿಜವಾಗಿ ನಡೆಯುತ್ತದೆ, ಯಾವುದು ಜರ್ನಲಿನಲ್ಲಿ ಮಾತ್ರ ನಡೆಯುತ್ತದೆ ಎಂದು ಅವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. 31 ವರ್ಷದಲ್ಲಿ ನನ್ನನ್ನು ಒಂದು ಸಲವೂ ಯಾರೂ ಕೇಳಲಿಲ್ಲ. ಒಂದು ಪ್ರಯೋಗ ತೆಗೆಯುವ ಮೊದಲು, ಇದರಿಂದ ಹುಟ್ಟುವ ಲೆಕ್ಕ ಯಾರಿಗಾದರೂ ಬೇಕಾ ಎಂದು ರಿಸರ್ಚ್ ಸೆಲ್‌ಗೆ ಒಂದು ಚೀಟಿ ಕಳಿಸಿ. ಅದೇ ರೀತಿ ಪಿಎಚ್‌ಡಿ ಗೈಡುಗಳು ವರ್ಷಕ್ಕೆ ಒಂದು ಸಲ ಕೆಳಗಿನ ಕ್ಲಾಸಿಗೆ ಬಂದು ತಾವು ಏನು ಹುಡುಕುತ್ತಿದ್ದೇವೆ, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲಿ. ಮರಾಠಿಯಲ್ಲಿ ಹೇಳಿದರೂ ಆಯಿತು, ಹಿಂದಿಯಲ್ಲಿ ಹೇಳಿದರೂ ಆಯಿತು. 2021ರಿಂದ ಎಐಸಿಟಿಇ ಕನ್ನಡ, ಮರಾಠಿ ಸೇರಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿದೆ, ಕ್ಲಾಸಿನಲ್ಲಿ ತಾಯಿನುಡಿಯ ಒಂದು ಮಾತು ಬಂದರೆ ತಪ್ಪೇನಿಲ್ಲ.

ಇದನ್ನು ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮುಂಬಯಿ, ಪುಣೆಯಲ್ಲಿ ನಮ್ಮವರೇ ಕಟ್ಟಿ ನಡೆಸುವ ಶಾಲೆ ಕಾಲೇಜುಗಳಿವೆ, ಆಡಳಿತ ಮಂಡಳಿಗಳಲ್ಲಿ ನಮ್ಮ ಹಿರಿಯರು ಕೂರುತ್ತಾರೆ, ಅವರು ಬೆಳಿಗ್ಗೆ ಈ ಪತ್ರಿಕೆ ಓದುತ್ತಾರೆ. ನಮ್ಮ ಸಂಘಗಳು ಪ್ರತಿ ಜೂನ್‌ನಲ್ಲಿ ಸ್ಕಾಲರ್‌ಶಿಪ್ ಕೊಡುತ್ತವೆ. ನೀವು ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಕಾಲೇಜಿನ ಅಧ್ಯಾಪಕರು ಮಾಡುವ ಸಂಶೋಧನೆಯಲ್ಲಿ ನಮ್ಮ ವಿದ್ಯಾರ್ಥಿಗಳ ಕೈ ಎಷ್ಟಿದೆ? ಪೋಷಕರೂ ಅಡ್ಮಿಶನ್ ಹೊತ್ತಿಗೆ ಪ್ಯಾಕೇಜ್ ಎಷ್ಟು ಎಂದು ಕೇಳುವಾಗ, ಲ್ಯಾಬ್ ತೋರಿಸಿ ಎಂದೂ ಕೇಳಿ. ಯಂತ್ರದ ಮೇಲೆ ಧೂಳಿದೆಯಾ, ಎಣ್ಣೆ ಇದೆಯಾ ನೋಡಿ. ಎಣ್ಣೆಯ ಕಲೆ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ.

ಆ ಮೂರನೇ ವರ್ಷದ ಹುಡುಗನಿಗೆ ಮೊನ್ನೆ ಫೋನ್ ಮಾಡಿದೆ. ನಿನ್ನ ಸರ್ ಹತ್ತಿರ ಹೋಗಿ, ನಿಮ್ಮ ಕಾಂಕ್ರೀಟ್ ಗಟ್ಟಿಗಳನ್ನು ಎರಕ ಹಾಕಲು ನಾನು ಬರಲಾ ಎಂದು ಕೇಳು ಎಂದೆ. ಹೋಗಿದ್ದಾನೆ. ಅವರು ಶನಿವಾರ ಬಾ ಎಂದಿದ್ದಾರಂತೆ.

ಇನ್ನು ಆ ಮಳೆಯ ರಿಜಿಸ್ಟರುಗಳು. ಒಟ್ಟು ಆರು ಇವೆ, ಎರಡರ ಅಂಚು ಗೆದ್ದಲು ತಿಂದಿದೆ, ಅಂಕಿಗಳು ಸರಿಯಾಗಿವೆ. 2005ರ ಆ ರಾತ್ರಿಯ ಪುಟ ಒದ್ದೆಯಾಗಿ ಶಾಯಿ ಸ್ವಲ್ಪ ಹರಡಿದೆ, ಆದರೆ ಓದಬಹುದು. ಯಾವುದಾದರೂ ಕಾಲೇಜಿನ ಸಿವಿಲ್ ವಿಭಾಗಕ್ಕೆ, ಸಂಶೋಧನೆಗಾಗಲಿ ಮಕ್ಕಳ ಪ್ರಯೋಗಕ್ಕಾಗಲಿ, ಬೇಕಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ. ನಾನೇ ತಂದು ಕೊಡುತ್ತೇನೆ. ಟೆರೇಸಿನಲ್ಲಿ ಹೊಸ ಮಾಪಕ ಹಾಕುವುದಾದರೆ ಹೇಗೆ ಕೂರಿಸಬೇಕು ಎಂದು ತೋರಿಸಿ ಬರುತ್ತೇನೆ.

ನಿಮ್ಮ ಓದುಗ,
ನಿವೃತ್ತ ಲ್ಯಾಬ್ ಅಸಿಸ್ಟೆಂಟ್, ಡೊಂಬಿವಲಿ